ನಿಮ್ಮ ಬೇಸರ ಎಲ್ಲಿ ಹುಟ್ಟಿತು ಎಂದು ಬರೆಯಿರಿ

ನಮಸ್ಕಾರ.

‘ಮುಗಿಯದ ಮೂರು ತಾಸು’ ಎಂಬ ನಿಮ್ಮ ಲೇಖನ ಓದಿದೆವು. ರಷ್ಯದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಆಂದ್ರೇ ರುಬ್ಲ್ಯೋವ್’, ಅಂದರೆ ಮಧ್ಯಯುಗದ ರಷ್ಯದ ಸನ್ಯಾಸಿ ಚಿತ್ರಕಾರನ ಕುರಿತ ಚಿತ್ರ, ಎಷ್ಟು ಪ್ರಯತ್ನಪಟ್ಟರೂ ಹಿಡಿಸಲಿಲ್ಲ ಎಂದು ಬರೆದಿದ್ದೀರಿ. ಈ ವಿಷಯ ನಮಗೆ ಖಂಡಿತ ಬೇಕು. ದೊಡ್ಡ ಹೆಸರಿನ ಸಿನಿಮಾ ಎಂದೊಡನೆ ‘ದೃಶ್ಯಕಾವ್ಯ’ ಎಂದು ಬರೆದು ಮುಗಿಸುವವರೇ ಹೆಚ್ಚು. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗದು. ‘ನಿಧಾನ’ ಎಂಬ ಮಾತು ಪುಟಪುಟದಲ್ಲೂ ಇದೆ, ಯಾವ ದೃಶ್ಯ ನಿಧಾನ ಎಂಬುದು ಎಲ್ಲೂ ಇಲ್ಲ.

ಮೊದಲು ತಪ್ಪುಗಳು. ಚಿತ್ರದ ಅವಧಿ ಒಂದು ಕಡೆ ಮೂರು ತಾಸು, ಇನ್ನೊಂದು ಕಡೆ ಮೂರೂವರೆ ತಾಸು ಎಂದಿದೆ. 1966ರ ಮೊದಲ ಪ್ರತಿ 205 ನಿಮಿಷದ್ದು, ಆಮೇಲೆ ಕತ್ತರಿಸಿದ ಪ್ರತಿ 183 ನಿಮಿಷದ ಆಸುಪಾಸಿನದು. ಎರಡೂ ಸಿಗುತ್ತವೆ. ನೀವು ನೋಡಿದ್ದು ಯಾವುದು ಎಂದು ಮೊದಲ ಪ್ಯಾರಾದಲ್ಲೇ ಹೇಳಿ. ‘ಪೂರ್ತಿ ಕಪ್ಪು ಬಿಳುಪು’ ಎಂಬುದೂ ಸರಿಯಲ್ಲ, ಕೊನೆಯ ಕೆಲವು ನಿಮಿಷ ಬಣ್ಣದಲ್ಲಿದ್ದು ರುಬ್ಲ್ಯೋವ್‌ನ ಚಿತ್ರಗಳನ್ನೇ ತೋರಿಸುತ್ತವೆ.

ದೊಡ್ಡ ತಪ್ಪು ಬಲೂನಿನದು. ‘ಆರಂಭದಲ್ಲೇ ಬಲೂನು ಹತ್ತಿ ಹಾರುವ ರುಬ್ಲ್ಯೋವ್’ ಎಂದು ಬರೆದಿದ್ದೀರಿ. ಹಾರುವವನು ರುಬ್ಲ್ಯೋವ್ ಅಲ್ಲ, ಯೆಫೀಮ್ ಎಂಬ ಬೇರೊಬ್ಬ. ಹಾರುತ್ತಾನೆ, ಬೀಳುತ್ತಾನೆ, ಮತ್ತೆ ಚಿತ್ರದಲ್ಲಿ ಬರುವುದೇ ಇಲ್ಲ. ಇದನ್ನು ಸುಮ್ಮನೆ ತಿದ್ದಿ ಮುಂದೆ ಹೋಗಬೇಡಿ, ನಿಮ್ಮ ಬೇಸರದ ಬೇರು ಇರುವುದೇ ಇಲ್ಲಿ. ಮೊದಲ ದೃಶ್ಯದಲ್ಲಿ ಕಂಡವನ ಹಿಂದೆ ಕಥೆ ಹೋಗುತ್ತದೆ ಎಂದು ಕಾದಿರಿ, ಅದು ಹೋಗಲಿಲ್ಲ. ಚಿತ್ರ ಎಂಟು ಅಧ್ಯಾಯಗಳಲ್ಲಿ 1400ರಿಂದ 1423ರವರೆಗೆ ಜಿಗಿಯುತ್ತದೆ, ನಡುವೆ ಏನಾಯಿತೆಂದು ವಿವರಿಸುವುದಿಲ್ಲ. ಕೆಲವು ಕಡೆ ನಾಯಕ ಮೂಲೆಯಲ್ಲಿ ನಿಂತು ನೋಡುವವನಷ್ಟೇ. ಅವನು ಕುಂಚ ಹಿಡಿದು ಐಕಾನ್ (ದೇವರ, ಸಂತರ ಚಿತ್ರ) ಬರೆಯುವ ದೃಶ್ಯವಂತೂ ಇಲ್ಲವೇ ಇಲ್ಲ. ಚಿತ್ರಕಾರನ ಜೀವನಚರಿತ್ರೆ ಎಂದು ಕೂತವರಿಗೆ ಇದು ತಬ್ಬಿಬ್ಬು ಮಾಡುವುದು ಸಹಜ. ಅದನ್ನೇ ಬರೆಯಿರಿ.

ಮೊದಲ ಅಧ್ಯಾಯವನ್ನು ಇನ್ನೊಮ್ಮೆ ನೋಡಿ. ಮಳೆಗೆ ಆಂದ್ರೇಯೂ ಸೇರಿ ಮೂವರು ಸನ್ಯಾಸಿಗಳು ಒಂದು ಗುಡಿಸಲು ಹೊಕ್ಕಿದ್ದಾರೆ, ವಿದೂಷಕನೊಬ್ಬ ಕುಣಿದು ಹಾಡಿ ನಗಿಸುತ್ತಿದ್ದಾನೆ. ಸನ್ಯಾಸಿಗಳಲ್ಲಿ ಒಬ್ಬನಾದ ಕಿರಿಲ್ ಸ್ವಲ್ಪ ಹೊತ್ತು ಕಾಣೆಯಾಗುತ್ತಾನೆ. ಆಮೇಲೆ ಸವಾರರು ಬಂದು ವಿದೂಷಕನನ್ನು ಮರಕ್ಕೆ ಅಪ್ಪಳಿಸಿ ಹೊತ್ತೊಯ್ಯುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಆ ವಿದೂಷಕ ವರ್ಷಗಟ್ಟಲೆ ಸೆರೆ ಅನುಭವಿಸಿ ಮರಳಿ ಬಂದು, ಸುಳಿವು ಕೊಟ್ಟವನು ನೀನೇ ಎಂದು ಆಂದ್ರೇಯ ಮೇಲೆ ಏರಿಹೋಗುವುದು ಕೊನೆಯ ಅಧ್ಯಾಯದಲ್ಲಿ! ಕಿರಿಲ್ ಹೊರಗೆ ಹೋದ ಆ ಅರೆಗಳಿಗೆ ನೀವು ಫೋನು ನೋಡಿದ್ದರೆ, ಎರಡು ತಾಸಿನ ಮೇಲೆ ಬರುವ ದೃಶ್ಯಕ್ಕೆ ತಲೆಬುಡ ಇರುವುದಿಲ್ಲ. ಇದನ್ನು ನಿಧಾನ ಎನ್ನುವುದಕ್ಕಿಂತ, ಕಾರಣ ಮತ್ತು ಪರಿಣಾಮಗಳ ನಡುವೆ ಬಹಳ ದೂರ ಇಟ್ಟಿದ್ದಾರೆ ಎನ್ನುವುದು ಸರಿ. ಆ ದೂರ ಅತಿಯಾಯಿತು ಎಂದು ವಾದಿಸುವ ಹಕ್ಕು ನಿಮಗಿದೆ.

ಗೊಂದಲಕ್ಕೆ ಇನ್ನೂ ಕಾರಣಗಳಿವೆ. ಸನ್ಯಾಸಿಗಳು ಮೂವರೂ ಗಡ್ಡದವರು, ಮೂವರದೂ ನಿಲುವಂಗಿ. ಕಚ್ಚಾಡುವ ರಾಜಕುಮಾರ ಸಹೋದರರಿಬ್ಬರ ಪಾತ್ರವನ್ನೂ ಯೂರಿ ನಜಾರೋವ್ ಎಂಬ ಒಬ್ಬನೇ ನಟ ಮಾಡಿದ್ದಾನೆ. ವ್ಲಾದಿಮಿರ್ ಊರಿನ ಮೇಲೆ ದಾಳಿಯಾದಾಗ ಯಾರ ಕಡೆ ಯಾರು ಎಂದು ತಿಳಿಯದೆ ಹೋದದ್ದಕ್ಕೆ ನಿಮ್ಮ ‘ತಾಳ್ಮೆಗೇಡಿತನ’ ಕಾರಣವಲ್ಲ. ಆ ಮಾತನ್ನು ತೆಗೆದುಬಿಡಿ.

ಈಗ ನಿಮ್ಮ ಒಳ್ಳೆಯ ಪ್ಯಾರಾ. ಗಂಟೆ ಎರಕ ಹೊಯ್ಯುವ ಅಧ್ಯಾಯದಲ್ಲಿ, ಮಳೆಯಲ್ಲಿ ಇಳಿಜಾರು ಜಾರಿ ಬಿದ್ದ ಹುಡುಗ ಬೊರಿಸ್ಕನ ಕೈಗೆ ತಾನು ಹುಡುಕುತ್ತಿದ್ದ ಜೇಡಿಮಣ್ಣೇ ಸಿಗುವುದನ್ನು ಆರು ವಾಕ್ಯದಲ್ಲಿ ಬರೆದಿದ್ದೀರಿ. ಅಲ್ಲಿ ‘ನಿಧಾನ’ ಎಂಬ ಪದ ಇಲ್ಲ, ಗಮನಿಸಿದಿರಾ? ಆ ಅಧ್ಯಾಯದ ಗತಿಯೂ ಉಳಿದವುಗಳಂತೆಯೇ ಇದೆ: ಗುಂಡಿ ತೋಡುವುದು, ಅಚ್ಚು ಕಟ್ಟುವುದು, ಬೆಳ್ಳಿ ಸಾಲದೆಂದು ಕೇಳುವುದು, ಕುಲುಮೆಯಿಂದ ಲೋಹ ಹರಿಸುವುದು, ಮಣ್ಣಿನ ಕವಚ ಒಡೆಯುವುದು, ಕೊನೆಗೆ ಗಂಟೆಯ ನಾಲಗೆ ಎಷ್ಟು ತೂಗಿದರೂ ನಾದವೇ ಹೊರಡದ ಆ ಹೊತ್ತು. ಆದರೂ ಇಲ್ಲಿ ನೀವು ಕದಲಲಿಲ್ಲ. ಗಂಟೆ ಮೊಳಗದಿದ್ದರೆ ಹುಡುಗನ ತಲೆ ಉಳಿಯದು ಎಂಬುದು ಗೊತ್ತಿತ್ತು, ಪ್ರತಿ ಹಂತವೂ ಮುಂದಿನ ಹಂತಕ್ಕೆ ದಾರಿಯಾಗಿತ್ತು. ಅಂದರೆ ನಿಮ್ಮ ತಕರಾರು ವೇಗದ ಮೇಲಲ್ಲ. ಯಾವುದಕ್ಕೆ ಕಾಯುತ್ತಿದ್ದೇವೆ ಎಂದು ಗೊತ್ತಿಲ್ಲದೆ ಕಾಯುವುದು ನಿಮಗೆ ಒಗ್ಗಲಿಲ್ಲ. ಲೇಖನ ಇಲ್ಲಿಂದ ಶುರುವಾಗಬೇಕು.

ತಿದ್ದುವ ಕ್ರಮ ಹೀಗಿರಲಿ. ಚಿತ್ರವನ್ನು ಎರಡು ಕಂತುಗಳಲ್ಲಿ ನೋಡಿ. ‘ಕೊನೆಯ ತೀರ್ಪು’ ಅಧ್ಯಾಯಕ್ಕೆ ಮೊದಲ ಭಾಗ ಮುಗಿಯುತ್ತದೆ, ದಾಳಿಯಿಂದ ಎರಡನೆಯದು. ಮನಸ್ಸು ಚದುರಿದಾಗಲೆಲ್ಲ ನಿಮಿಷ ಎಷ್ಟು, ತೆರೆಯ ಮೇಲೆ ಏನಿತ್ತು, ನೀವು ಏನನ್ನು ನಿರೀಕ್ಷಿಸಿದ್ದಿರಿ, ಇಷ್ಟನ್ನು ಒಂದು ಸಾಲಲ್ಲಿ ಗುರುತು ಹಾಕಿಕೊಳ್ಳಿ. ಅವುಗಳಲ್ಲಿ ಎರಡನ್ನು ಮಾತ್ರ ಆರಿಸಿ ಬಿಡಿಸಿ ಬರೆಯಿರಿ. ನಿರ್ದೇಶಕರ ಜೀವನ ವಿವರ, ಪ್ರಶಸ್ತಿಗಳ ಪಟ್ಟಿ, ಕಥಾಸಾರದ ಎರಡೂವರೆ ಪುಟ ಬೇಡ. ಕಥೆಗೆ 120 ಪದ ಸಾಕು. ಐಕಾನ್ ಎಂದರೇನು ಎಂದು ಎರಡು ವಾಕ್ಯದಲ್ಲಿ ತಿಳಿಸಿ: ಮರದ ಹಲಗೆಯ ಮೇಲೆ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಿಂದ ಬರೆದ ದೇವರ, ಸಂತರ ಚಿತ್ರ, ಆರ್ಥಡಾಕ್ಸ್ ಕ್ರೈಸ್ತರಿಗೆ ಅದು ಪ್ರಾರ್ಥನೆಯ ವಸ್ತು. ಇದು ಗೊತ್ತಿಲ್ಲದ ಓದುಗರಿಗೆ, ದಾಳಿಯಲ್ಲಿ ಒಬ್ಬನನ್ನು ಕೊಂದ ಮೇಲೆ ಆಂದ್ರೇ ಮಾತನ್ನೂ ಕುಂಚವನ್ನೂ ಬಿಡುವುದರ ಭಾರ ತಟ್ಟುವುದಿಲ್ಲ.

ಕೊನೆಗೂ ಚಿತ್ರ ಇಷ್ಟವಾಗದಿದ್ದರೆ ಹಾಗೆಂದೇ ಬರೆಯಿರಿ, ಹೊಗಳಿಕೆಯ ಸಾಲು ಸೇರಿಸಬೇಕಿಲ್ಲ. ಒಟ್ಟು 900 ಪದ ಮೀರದಂತೆ, ಶೀರ್ಷಿಕೆ ಬದಲಿಸಿ ಕಳಿಸಿ.