ಕಾಲು ಗಂಟೆ ಕಳೆದೊಡನೆ ತಡವರಿಸುವ ಆಟ

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ನನ್ನದು. ಇಂಟೆಲ್ ಐ5-10400ಎಫ್ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇವೆ. ಯಾವ ಆಟವಾದರೂ ಮೊದಲ ಹದಿನೈದು ನಿಮಿಷ ಸರಾಗವಾಗಿ ಓಡಿ, ಆಮೇಲೆ ತಡೆತಡೆದು ಚಲಿಸುತ್ತದೆ. ವೋಲ್ಟೇಜ್ ಕಡಿಮೆಯಿರುವುದೇ ಕಾರಣವೆಂದು ಮನೆಯವರು, ಕಾರ್ಡ್ ಬದಲಿಸಬೇಕೆಂದು ಅಂಗಡಿಯವರು ಹೇಳುತ್ತಾರೆ. ಅಡಿಕೆ ಮಾರಿದ ಮೇಲೆ ಹಣ ಕೊಡಲು ಅಪ್ಪ ಒಪ್ಪಿದ್ದಾರೆ. ಏನು ಮಾಡಲಿ?
– ಪದವಿ ವಿದ್ಯಾರ್ಥಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಈಗಲೇ ಕಾರ್ಡಿಗೆ ಹಣ ಹಾಕಬೇಡಿ. ನಿಮ್ಮ ಪತ್ರದ ಮುಖ್ಯ ಮಾತು ‘ಮೊದಲ ಹದಿನೈದು ನಿಮಿಷ’ ಎಂಬುದು. ಕಾರ್ಡಿನ ಶಕ್ತಿ ಸಾಲದಿದ್ದರೆ ಆಟ ಆರಂಭದಿಂದಲೇ ನಿಧಾನವಾಗಿರುತ್ತಿತ್ತು. ವೋಲ್ಟೇಜ್ ತೀರಾ ಕುಸಿದರೆ ಕಂಪ್ಯೂಟರ್ ಆಫ್ ಆಗುತ್ತದೆ ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತದೆಯೇ ಹೊರತು, ಆಟವೊಂದೇ ತಡವರಿಸುವುದಿಲ್ಲ. ಚೆನ್ನಾಗಿ ಓಡಿ, ಕಾದ ಮೇಲೆ ಸೊರಗುವುದು ಬಹುಮಟ್ಟಿಗೆ ಶಾಖದ ಲಕ್ಷಣ. ನಿಮ್ಮ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 60 ಹರ್ಟ್ಸ್ ಮಾನಿಟರ್‌ನಲ್ಲಿ ಪ್ರತಿಯೊಂದು ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ವೇಗ ತಗ್ಗಿದಾಗ ನಡುವೆ ಕೆಲವು ಫ್ರೇಮ್‌ಗಳು 50 ಮಿಲಿಸೆಕೆಂಡ್ ತೆಗೆದುಕೊಂಡರೂ ಸಾಕು, ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಚೆನ್ನಾಗಿಯೇ ಕಾಣುವಾಗಲೂ ಆಟ ಜರ್ಕ್ ಹೊಡೆಯುತ್ತದೆ.

ಪ್ರೊಸೆಸರ್‌ನ ಉಷ್ಣತೆ, ವೇಗಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಅರ್ಧ ಗಂಟೆ ಆಡಿ. ಉಷ್ಣತೆ 100ರ ಹತ್ತಿರ ನಿಂತು, ವೇಗ 2.9 ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದಿದ್ದರೆ ಸಂದೇಹ ಉಳಿಯುವುದಿಲ್ಲ.

ನಮ್ಮ ಮಲೆನಾಡಿನ ಮನೆಗಳಲ್ಲಿ ಇದು ಅಪರೂಪವಲ್ಲ. ಬಚ್ಚಲ ಒಲೆಯ ಹೊಗೆ, ಅಡಿಕೆ ಸುಲಿಯುವ ದಿನಗಳ ಧೂಳು, ಮಳೆಗಾಲದ ತೇವ ಮೂರೂ ಸೇರಿ ಪ್ರೊಸೆಸರ್‌ನ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂರುತ್ತವೆ. ಫ್ಯಾನ್ ಬಿಚ್ಚಿದಾಗ ಆ ಬೂದು ಪದರ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂದದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ತೇವಕ್ಕೆ ಹೆದರಿ ಕ್ಯಾಬಿನೆಟ್ಟಿಗೆ ಬಟ್ಟೆ ಹೊದಿಸುವ ರೂಢಿಯಿದ್ದರೆ ಆಡುವಾಗ ಅದನ್ನು ತೆಗೆದಿಡಿ, ಗೋಡೆಯಿಂದ ಒಂದು ಗೇಣು ದೂರ ಸರಿಸಿ.

ವಿದ್ಯುತ್ ಕೇಬಲ್ ಕಿತ್ತು, ಪಕ್ಕದ ಬಾಗಿಲು ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಬ್ರಷ್ ಮತ್ತು ಬ್ಲೋವರ್‌ನಿಂದ ಸ್ವಚ್ಛಗೊಳಿಸಿ. ನಾಲ್ಕು ವರ್ಷಗಳಲ್ಲಿ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಕಡಲೆಕಾಳಿಗಿಂತ ಕಿರಿದಾದಷ್ಟು ಹೊಸ ಪೇಸ್ಟ್ ಹಾಕಿ. ಇಂಟೆಲ್‌ನ ಮೂಲ ಕೂಲರ್ (ಫ್ಯಾನ್ ಮತ್ತು ಹೀಟ್‌ಸಿಂಕ್‌ನ ಜೋಡಿ) ಆಗಿದ್ದರೆ ಅದರ ನಾಲ್ಕೂ ಪಿನ್‌ಗಳು ‘ಟಕ್’ ಎಂದು ಕೂರಬೇಕು. ಒಂದು ಸಡಿಲವಿದ್ದರೂ ಶಾಖ ಇಳಿಯದು.

ಉಷ್ಣತೆ 80ರೊಳಗಿದ್ದೂ ಆಟ ತಡವರಿಸಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯನ್ನು ಗಮನಿಸಿ. ಆಟ ಮುಂದುವರಿದಂತೆ 8 ಜಿಬಿ ತುಂಬಿ, ವಿಂಡೋಸ್ ಡಿಸ್ಕಿನ ಮೊರೆಹೋದಾಗಲೂ ಇದೇ ಬಗೆಯ ತಡೆ ಕಾಣುತ್ತದೆ. ಅದೇ ವೇಗದ ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್ ಹಾಕಿದರೆ ಜಾಗವೂ ಹೆಚ್ಚುತ್ತದೆ, ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್‌ನ ಲಾಭವೂ ದೊರೆಯುತ್ತದೆ. ಯಾವ ಸ್ಲಾಟ್ ಎಂಬುದನ್ನು ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಇಷ್ಟಾದ ಮೇಲೂ ಸಮಾಧಾನವಾಗದಿದ್ದರೆ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ ಆಡಿ. ಎಫ್‌ಪಿಎಸ್ ಗಣನೀಯವಾಗಿ ಏರಿದರೆ ಮಾತ್ರ ಕಾರ್ಡಿನ ಕೊರತೆಯೆಂದು ತಿಳಿಯಿರಿ. ಆಗಲೂ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಎಷ್ಟು ವ್ಯಾಟ್‌ನದೆಂದು ನೋಡಿ, ಏಕೆಂದರೆ 75 ವ್ಯಾಟ್‌ನ ಜಿಟಿಎಕ್ಸ್ 1650ಕ್ಕೆ ಸಾಕಾಗುವ ಎಸ್‌ಎಂಪಿಎಸ್ ದೊಡ್ಡ ಕಾರ್ಡಿಗೆ ಸಾಲದೇ ಹೋಗಬಹುದು.