ಪದಬಂಧ ಸ್ಪರ್ಧೆಯ ಹುಚ್ಚಿರುವವರ ಬಗ್ಗೆ ಪತ್ರಿಕೆಗಳು ಯಾಕೆ ಬರೆಯುತ್ತವೆ? ಮುಂಬೈ ಕನ್ನಡಿಗರಿಗೆ ಇದು ಹಿಡಿಸುತ್ತದಾ?

ಪದಬಂಧವನ್ನು ಸಾಕಿ ಬೆಳೆಸಿದ್ದೇ ಪತ್ರಿಕೆಗಳು. 1913ರ ಡಿಸೆಂಬರ್ 21ರಂದು ಮೊದಲ ಪದಬಂಧ ಬಂದದ್ದು ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ. ಅಮೆರಿಕದ ದೊಡ್ಡ ಪದಬಂಧ ಸ್ಪರ್ಧೆ 1978ರಲ್ಲಿ ಶುರುವಾಯಿತು. ಒಬ್ಬರೇ ಕೂತು ಆಡುವ ಆಟಕ್ಕೆ ಜನ ಗುಂಪು ಕಟ್ಟಿಕೊಂಡರೆ ಅದು ಸುದ್ದಿಯೇ ಅಲ್ವಾ?

ಕೆಲವು ಸ್ಪರ್ಧೆಗಳಲ್ಲಿ ಮನೆಗಳನ್ನು ಸುಮ್ನೆ ತುಂಬಿದರೆ ಸಾಲದು. ತುಂಬಿದ ಪದಗಳೊಳಗೆ ಅಡಗಿರುವ ಇನ್ನೊಂದು ಉತ್ತರವನ್ನೂ ಹುಡುಕಬೇಕು. ಎಲ್ಲರೂ ಒಟ್ಟಿಗೆ ತಲೆ ಕೆಡಿಸಿಕೊಳ್ಳುವುದು ಅಲ್ಲೇ.

ಮುಂಬೈ ಕನ್ನಡಿಗರಿಗೆ ಖಂಡಿತ ಹಿಡಿಸುತ್ತದೆ. ಡೊಂಬಿವಲಿಯಿಂದ ಮುಂಬೈನ ಮುಖ್ಯ ರೈಲು ನಿಲ್ದಾಣ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಸುಮಾರು ಒಂದು ಗಂಟೆ. ಸೀಟು ಸಿಕ್ಕರೆ ಒಂದು ಪದಬಂಧಕ್ಕೆ ಧಾರಾಳ ಸಾಕು. ಕನ್ನಡದಲ್ಲಿ ಒತ್ತು, ಸೊನ್ನೆ ಎಲ್ಲವೂ ಒಂದೇ ಮನೆಯೊಳಗೆ. ‘ಮುಂಬಯಿ’ಗೆ ಮೂರೇ ಮನೆ: ಮುಂ, ಬ, ಯಿ. ಆ ಮೊದಲ ಮನೆಯಿಂದ ಕೆಳಗಿಳಿಯುವ ಪದವೂ ‘ಮುಂ’ ಎಂದೇ ಶುರುವಾಗಬೇಕು. ‘ಮುಂಗಾರು’ ಕೂರುತ್ತದೆ, ‘ಮುಗಿಲು’ ಕೂರುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಕನ್ನಡ ಪದಬಂಧ ಬಿಡಿಸುವುದಕ್ಕಿಂತ ಕಟ್ಟುವುದೇ ಜಾಸ್ತಿ ಕಷ್ಟ. ಕಟ್ಟುವವರ ಬಗ್ಗೆಯೂ ಪತ್ರಿಕೆಗಳು ಬರೆಯಬೇಕು.