ಮನೆಗೇ ಬಂದು ಗುಗ್ಗೆ ತೆಗೆದು ಕಿವಿ ಪರೀಕ್ಷೆ ಮಾಡ್ತಾರಂತೆ, ಅಪ್ಪಯ್ಯನಿಗೆ ಮಾಡಿಸಬಹುದಾ? – ಉತ್ತರ

ಅಣ್ಣ, ನೀವು ಕೇಳಿದ್ದು ಇಷ್ಟು. ಅಪ್ಪಯ್ಯನಿಗೆ 74 ವರ್ಷ. ಮೊಣಕಾಲು ನೋವು, ಪೇಟೆಗೆ ಕರೆದುಕೊಂಡು ಹೋಗುವುದು ಕಷ್ಟ. ಎರಡು ಮೂರು ತಿಂಗಳಿಂದ ಕರೆದರೆ ಓಗೊಡುತ್ತಿಲ್ಲ. ಕಿವಿ ಮಿಷನ್ ಅಂಗಡಿಯವರೊಬ್ಬರು ಮನೆಗೇ ಬಂದು ಗುಗ್ಗೆ ತೆಗೆದು, ಪುಕ್ಕಟೆ ಪರೀಕ್ಷೆಯನ್ನೂ ಮಾಡಿಕೊಡುತ್ತೇವೆ ಅಂದಿದ್ದಾರೆ. ಇದರ ಕೆಳಗೆ ಒಬ್ಬರು ಬೆಳ್ಳುಳ್ಳಿ ಎಣ್ಣೆ ಬಿಡಿ ಅಂದಿದ್ದಾರೆ, ಇನ್ನೊಬ್ಬರು ಬಡ್ಸ್ ಸಾಕು ಅಂದಿದ್ದಾರೆ. ಅಡಿಕೆ ತೋಟ ಬಿಟ್ಟರೆ ನನ್ನ ಕಸುಬು ಆಡಿಯಾಲಜಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕರೆಸಿ, ಅಡ್ಡಿಯಿಲ್ಲ. ಆದರೆ ಬಂದವರು ಮೊದಲು ಕಿವಿಯೊಳಗೆ ನೋಡಬೇಕು. ಗುಗ್ಗೆ ಇದ್ದರೆ ತೆಗೆಯಬೇಕು. ಆಮೇಲೆ ಪರೀಕ್ಷೆ. ಒಳಗೆ ನೋಡದೆ ನೇರ ಹೆಡ್‌ಫೋನ್ ಹಾಕಲು ಹೊರಟವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ಗುಗ್ಗೆ ಪೂರ್ತಿ ಕಟ್ಟಿಕೊಂಡರೆ ಅದೊಂದರಿಂದಲೇ 30–40 ಡೆಸಿಬಲ್‌ನಷ್ಟು (ಸದ್ದಿನ ಜೋರಿನ ಅಳತೆ) ಕೇಳುವುದು ಕಡಿಮೆ ಆಗಬಹುದು. ಆ ಸ್ಥಿತಿಯಲ್ಲಿ ತೆಗೆದ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆ) ನೋಡಿದರೆ ಯಾರಿಗಾದರೂ ಮಿಷನ್ ಮಾರಬಹುದು.

ಯಾರನ್ನೂ ಕರೆಸುವ ಮೊದಲು ಒಂದು ಕೆಲಸ ಮಾಡಿ. ಅಪ್ಪಯ್ಯನಿಗೆ ಬಾಯಿ ಮುಚ್ಚಿಕೊಂಡು 'ಹೂಂ' ಅಂತ ಎಳೆಯಲು ಹೇಳಿ. ಸದ್ದು ಯಾವ ಕಿವಿಯಲ್ಲಿ ಜೋರಾಗಿದೆ ಅಂತ ಕೇಳಿ. ಮಂದ ಇರುವ ಕಿವಿಯಲ್ಲೇ ಜೋರು ಅಂದರೆ ಅಡ್ಡಿ ಇರುವುದು ಹೊರಕಿವಿಯಲ್ಲಿ ಅಥವಾ ಮಧ್ಯಕಿವಿಯಲ್ಲಿ, ಗುಗ್ಗೆ ಇರಬಹುದು. ಚೆನ್ನಾಗಿ ಕೇಳುವ ಕಿವಿಗೆ ಹೋಯಿತು ಅಂದರೆ ನರದ ಕಡೆ ಅನುಮಾನ ಪಡಬೇಕು. ಎರಡೂ ಕಿವಿ ಒಂದೇ ಥರ ಮಂದ ಇದ್ದರೆ ಇದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಬಡ್ಸ್. ಕಿವಿ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಅಲ್ಲಿನ ಚರ್ಮ ತಾನಾಗೇ ಹೊರಕ್ಕೆ ಸರಿಯುತ್ತಾ ಅದನ್ನು ತಳ್ಳುತ್ತದೆ, ಅಗಿಯುವಾಗ ದವಡೆ ಆಡುವುದೂ ಅದಕ್ಕೆ ಸಹಾಯ. ಬಡ್ಸ್ ಹಾಕಿದಿರೋ, ಕೇಪಿನ ಕೋವಿಗೆ ಮದ್ದು ಗಿಡಿದ ಹಾಗೆ ಗುಗ್ಗೆ ಒಳಗೆ ಹೋಗಿ ಕಿವಿ ತಮಟೆಗೆ ಅಂಟಿ ಕೂರುತ್ತದೆ. ವಯಸ್ಸಾದವರಲ್ಲಿ ಗುಗ್ಗೆ ಮೊದಲೇ ಒಣಗಿ ಗಟ್ಟಿಯಾಗಿರುತ್ತದೆ ಬೇರೆ.

ಬೆಳ್ಳುಳ್ಳಿ ಎಣ್ಣೆ ಬಗ್ಗೆ ಜಗಳ ಬೇಡ, ನಮ್ಮಜ್ಜಿಯೂ ಬಿಡುತ್ತಿದ್ದರು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಿವಿಯೊಳಗೆ ಪಸೆ ನಿಂತರೆ ಶಿಲೀಂಧ್ರ ಬೆಳೆಯಲು ಅದೇ ಸಾಕು. ವಿಪರೀತ ತುರಿಕೆ, ಒಳಗೆ ಕಪ್ಪು ಚುಕ್ಕೆ ಚುಕ್ಕೆ ಬೂಸಲು. ಜುಲೈ, ಆಗಸ್ಟ್‌ನಲ್ಲಿ ಇಂಥ ಕಿವಿಗಳನ್ನು ಜಾಸ್ತಿ ನೋಡುತ್ತೇನೆ. ಬಿಸಿ ಎಣ್ಣೆಯಿಂದ ಸುಟ್ಟುಕೊಂಡವರೂ ಇದ್ದಾರೆ. ಗುಗ್ಗೆ ಮೆತ್ತಗಾಗಲು ಮೆಡಿಕಲ್‌ನಲ್ಲಿ ವ್ಯಾಕ್ಸಾಲ್ವ್, ಸೋಲಿವ್ಯಾಕ್ಸ್ ಥರದ ಹನಿ ಸಿಗುತ್ತದೆ. ಕೆಲವು ದಿನ ಮೊದಲೇ ಹಾಕಿದ್ದರೆ ತೆಗೆಯುವುದು ಸುಲಭ. ಹಾಕಿದ ಮೇಲೆ ಗುಗ್ಗೆ ಉಬ್ಬಿ ಕಿವಿ ಇನ್ನೂ ಕಟ್ಟಿದ ಹಾಗಾಗಬಹುದು, ಗಾಬರಿ ಬೇಡ. ಆದರೆ ಹಿಂದೆ ಯಾವತ್ತಾದರೂ ಕಿವಿ ಸೋರಿದ್ದರೆ, ತಮಟೆ ತೂತಾಗಿದ್ದರೆ, ಕಿವಿಯ ಆಪರೇಷನ್ ಆಗಿದ್ದರೆ ಈ ಹನಿಯೂ ಬೇಡ, ನೀರೂ ಬೇಡ.

ತೆಗೆಯುವ ದಾರಿ ಮೂರು. ಸಣ್ಣ ನಳಿಗೆಯಿಂದ ಹೀರುವುದು, ಸಲಾಕೆ ಅಥವಾ ಕೊಕ್ಕೆಯಿಂದ ತೆಗೆಯುವುದು, ನೀರು ಹಾಯಿಸುವುದು. ಮನೆಗೆ ಬರುವವರು ಹೀರುವ ಮಿಷನ್ ತಂದರೆ ಒಳ್ಳೆಯದು, ಜೊತೆಗೆ ತಲೆಗೆ ಕಟ್ಟುವ ದೀಪವೋ ಕ್ಯಾಮೆರಾವೋ ಇರಲೇಬೇಕು. ಕಣ್ಣಿಗೆ ಕಾಣದೆ ಕೈ ಹಾಕುವುದೇ ತಪ್ಪು. ಬಸ್ ಸ್ಟ್ಯಾಂಡಿನಲ್ಲಿ ಕಡ್ಡಿಗೆ ಹತ್ತಿ ಸುತ್ತಿಕೊಂಡು ಕೂರುವವರಿಗೂ ಇವರಿಗೂ ಇರುವ ವ್ಯತ್ಯಾಸ ಅದು. ನೀರು ಹಾಯಿಸುವುದಾದರೆ ಮೈ ಬಿಸಿಯಷ್ಟೇ ಇರಬೇಕು, ತಣ್ಣೀರು ಬಿಟ್ಟರೆ ತಲೆ ಗಿರ್ರ್ ಎನ್ನುತ್ತದೆ. ಶುಗರ್ ಇದ್ದವರಿಗೆ ನೀರಿನ ದಾರಿ ಬೇಡವೇ ಬೇಡ ಅಂತ ನಾನು ಹೇಳುತ್ತೇನೆ. ಅವರಿಗೆ ಕಿವಿಯ ಸೋಂಕು ಎಲುಬಿಗೇ ಇಳಿಯಬಹುದು. ಮೇಣದ ಬತ್ತಿ ಹಚ್ಚಿ ಕಿವಿಗೆ ಇಡುವ ವಿಡಿಯೋ ಯಾರೋ ಹಾಕಿದ್ದಾರೆ. ಅದು ಏನನ್ನೂ ಹೀರುವುದಿಲ್ಲ, ಸುಡುತ್ತದೆ ಅಷ್ಟೇ.

ಪರೀಕ್ಷೆ ವಿಚಾರಕ್ಕೆ ಬರೋಣ. ಆಸ್ಪತ್ರೆಯಲ್ಲಿ ಸದ್ದು ಒಳಬರದ ಕೋಣೆಯಲ್ಲಿ ಕೂರಿಸಿ ದಪ್ಪ ಸ್ವರದಿಂದ ಕೀರಲು ಸ್ವರದವರೆಗೆ, ಅಂದರೆ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಹಂಚಿನ ಮೇಲೆ ಮಳೆ, ಹೊರಗೆ ಜೀರುಂಡೆ, ಒಳಗೆ ಮಿಕ್ಸಿ. ಸಣ್ಣ ಸದ್ದು, ಅದರಲ್ಲೂ ದಪ್ಪ ಸ್ವರದ ಸದ್ದು ಇದರಲ್ಲಿ ಮುಚ್ಚಿಹೋಗುತ್ತದೆ. ಇಲ್ಲದ ಕೆಪ್ಪು ಕಾಗದದ ಮೇಲೆ ಬರುತ್ತದೆ. ಕರೆಂಟ್ ಹೋದಾಗ, ಫ್ಯಾನ್ ನಿಂತಾಗ, ಒಳಕೋಣೆಯಲ್ಲಿ ಮಾಡಿಸಿ. ಕಿವಿಯ ಹಿಂದಿನ ಎಲುಬಿಗೆ ಒತ್ತಿ ಇಡುವ ಸಣ್ಣ ಸಾಧನ ತಂದಿದ್ದಾರಾ ನೋಡಿ. ಅದಿಲ್ಲದಿದ್ದರೆ ತೊಂದರೆ ನರದ್ದೋ, ಮಧ್ಯಕಿವಿಯದ್ದೋ ಹೇಳಲಾಗದು. ಮನೆಯಲ್ಲಿ ಮಾಡಿದ್ದು ತೊಂದರೆ ಇದೆಯಾ ಇಲ್ಲವಾ ಅಂತ ಜರಡಿ ಹಿಡಿಯುವುದಕ್ಕೆ ಸಾಕು, ಮಿಷನ್ ಹೊಂದಿಸುವುದಕ್ಕೆ ಸಾಲದು. ಹಾಸಿಗೆ ಹಿಡಿದವರ ಮಾತು ಬೇರೆ, ಅವರಿಗೆ ಇದ್ದುದರಲ್ಲೇ ಮಾಡಬೇಕು.

ಒಂದು ವಿಷಯ ಕೇಳಬೇಕಿತ್ತು. ಅಪ್ಪಯ್ಯ ಬ್ರಷ್ ಕಟರ್, ಮರ ಕೊಯ್ಯುವ ಮಿಷನ್ ಓಡಿಸಿದವರಾ? ಬ್ರಷ್ ಕಟರ್ ಹೊತ್ತವನ ಕಿವಿಗೆ 95–100 ಡೆಸಿಬಲ್ ಹತ್ತಿರ ಸದ್ದು ಬೀಳುತ್ತದೆ. 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅಂತ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. ಹಾಗೆ ಇಳಿದರೆ 100ಕ್ಕೆ ಕಾಲು ಗಂಟೆ ಮಾತ್ರ. ನಾವೋ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಳೆ ಹೊಡೆಯುತ್ತೇವೆ! ಇಂಥ ಕಿವಿಯಲ್ಲಿ ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸು. ಆಗ ಮಾತು ಕೇಳುತ್ತದೆ, ಆದರೆ ಸ, ಶ, ತ ಇವೆಲ್ಲ ಕಲಸಿಹೋಗುತ್ತವೆ. 'ಕೇಳ್ತದೆ ಮಾರಾಯ, ಅರ್ಥ ಆಗಲ್ಲ' ಅಂತ ಅಪ್ಪಯ್ಯ ಹೇಳಿದರೆ ಗುಗ್ಗೆ ತೆಗೆದರಷ್ಟೇ ಸಾಲದು. ನಿಮಗೂ ನಿಮ್ಮ ಆಳುಗಳಿಗೂ ಇಯರ್ ಮಫ್ ತಂದುಕೊಡಿ.

ಪುಕ್ಕಟೆ ಪರೀಕ್ಷೆಯ ದಿನವೇ ಮಿಷನ್ ಕೊಳ್ಳಬೇಡಿ. ಇವತ್ತೇ ತಗೊಂಡರೆ ಅರ್ಧ ರೇಟು ಅಂದರಂತೂ ಬೇಡವೇ ಬೇಡ. ಆಡಿಯೋಗ್ರಾಮ್‌ನ ಕಾಗದ ಕೇಳಿ ಇಟ್ಟುಕೊಳ್ಳಿ. ಬಂದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ, ಆಡಿಯಾಲಜಿಸ್ಟ್ ಆದರೆ ಅದು ಇರಲೇಬೇಕು. ಆಮೇಲೆ ಒಂದು ಸಲ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಕರೆದೊಯ್ಯಿರಿ. ಮೈಸೂರಿಗೆ ಹೋಗುವುದಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದಾಯ ಕಡಿಮೆ ಇರುವವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಮಿಷನ್ ಸಿಗುತ್ತದೆ, ಅಲ್ಲೇ ವಿಚಾರಿಸಿ.

ಕಾಯಬಾರದ ಸಂದರ್ಭವೂ ಇದೆ. ರಾತ್ರಿ ಸರಿ ಇದ್ದ ಕಿವಿ ಬೆಳಿಗ್ಗೆ ಏಕಾಏಕಿ ಕೇಳದಿದ್ದರೆ ಗುಗ್ಗೆ ಇರಬಹುದು ಅಂತ ಸುಮ್ನೆ ಕೂರಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ನರದ ತೊಂದರೆಯಾದರೆ ಸ್ಟೀರಾಯ್ಡ್ ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ಒಳ್ಳೆಯದು. ಶುಗರ್ ಇದ್ದವರಿಗೆ ರಾತ್ರಿ ನಿದ್ದೆ ಬಾರದಷ್ಟು ಕಿವಿ ನೋವು, ಕೀವು ಬಂದರೂ ಹಾಗೆಯೇ.

ಮೇಲೆ ಒಬ್ಬರು ಮಗುವಿನ ಕಿವಿಗೆ ಭತ್ತದ ಕಾಳು ಹೋಗಿದೆ ಅಂದಿದ್ದಾರೆ. ನೀರು ಹಾಕಬೇಡಿ, ಕಾಳು ಉಬ್ಬುತ್ತದೆ. ಪಿನ್ನು ಹಾಕಬೇಡಿ. ಹಾಗೇ ಕರೆದೊಯ್ಯಿರಿ. ಹುಳ ಹೋಗಿ ಒದ್ದಾಡುತ್ತಿದ್ದರೆ ಮಾತ್ರ ತಮಟೆ ಸರಿ ಇರುವವರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಬಹುದು, ಅದು ಸತ್ತ ಮೇಲೆ ಹೋಗಿ ತೆಗೆಸಿ.

ಅಣ್ಣ, ಅಪ್ಪಯ್ಯನಿಗೆ ಶುಗರ್ ಇದೆಯಾ, ಚಿಕ್ಕವರಿದ್ದಾಗ ಕಿವಿ ಸೋರುತ್ತಿತ್ತಾ ಅಂತ ಕೇಳಿ ಇಲ್ಲೇ ಬರೆಯಿರಿ. ಹನಿ ಶುರು ಮಾಡಬಹುದಾ ಅಂತ ಆಮೇಲೆ ನೋಡೋಣ.